ಡೇವಿಡ್‌ಗೊಂದು ಸೂರ್ಯಕಾಂತಿ

“ಇದು ಎಂಥ ಪಪ್ಪ?” ಮಗಳು ದೀಪ್ತಿ ತನ್ನ ಮೊಬೈಲನ್ನು ಪುರಂದರನ ದೋಸೆ ತಟ್ಟೆಯ ಪಕ್ಕದಲ್ಲಿ ಕುಕ್ಕಿದಳು. ಫ್ಲಾರೆನ್ಸಿನ ಮ್ಯೂಸಿಯಂನಲ್ಲಿ ತೆಗೆದ ಫೋಟೋಗಳನ್ನು ಅವನು ದುಬೈಯಲ್ಲಿರುವ ಊರವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ. ಅಲ್ಲಿನ ಹೆಸರಾಂತ ಡೇವಿಡ್‌ನ ಬೆತ್ತಲೆ ಶಿಲ್ಪದ ಸೊಂಟದ ಕೆಳಗೆ ಒಂದು ಸೂರ್ಯಕಾಂತಿ ಸ್ಟಿಕ್ಕರ್ ಅಂಟಿಸಿದ್ದ.

“ಗ್ರೂಪಿನಲ್ಲಿ ಹಿರಿಯರೆಲ್ಲ ಇದ್ದಾರೆ ಮಾರಾಯ್ತಿ.”

“ಡೇವಿಡ್ ಸಾಯ್ಲಿ, ನನಗೆ ಯಾಕೆ?” ಫೋಟೋದಲ್ಲಿ ಶಿಲ್ಪದ ಮುಂದೆ ಸ್ಲೀವ್‌ಲೆಸ್ ಫ್ರಾಕ್ ತೊಟ್ಟು ನಗುತ್ತ ನಿಂತಿದ್ದ ಅವಳ ಎರಡೂ ಭುಜಗಳ ಮೇಲೆ ಅದೇ ಸೂರ್ಯಕಾಂತಿ ಅರಳಿತ್ತು.

“ಹೆಣ್ಣುಮಕ್ಕಳ ಮೈ ಕಂಡ್ರೆ ನಾಲ್ಕು ಜನ ಮಾತಾಡ್ತಾರೆ. ಖಲಾಸ್, ಕೂತು ದೋಸೆ ತಿನ್ನು.”

“ಇಟ್ಸ್ ಮೈ ಶೋಲ್ಡರ್, ಪಪ್ಪ!” ಮೊಬೈಲ್ ಎತ್ತಿಕೊಂಡು ಕಿಟಕಿಯ ಬಳಿ ಹೋಗಿ ಅವನಿಗೆ ಬೆನ್ನು ಮಾಡಿ ನಿಂತಳು. ಹುಡುಗಿಯ ಸಿಟ್ಟು ಎಷ್ಟು ಹೊತ್ತಿನದ್ದು ಎಂದುಕೊಂಡು ಪುರಂದರ ಚಟ್ನಿ ಬಡಿಸಿಕೊಂಡ.

ಅಷ್ಟರಲ್ಲಿ ಅವನ ಮೊಬೈಲ್ ಟಿಂಗ್ ಎಂದಿತು. ಗ್ರೂಪಿನಲ್ಲಿ ಅವನದೇ ಫೋಟೋ: ಕಳೆದ ರಜೆಯಲ್ಲಿ ಉಡುಪಿಯಲ್ಲಿ, ದೇವರ ದರ್ಶನಕ್ಕೆಂದು ಎಲ್ಲ ಗಂಡಸರಂತೆ ಅಂಗಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು ನಿಂತದ್ದು. ಅವನ ಬರಿ ಎದೆಯ ಮೇಲೆ ಎರಡು ಸೂರ್ಯಕಾಂತಿ.

ಕೆಳಗೆ ಮಗಳು ಬರೆದಿದ್ದಳು: “ಗ್ರೂಪಿನಲ್ಲಿ ಹಿರಿಯರೆಲ್ಲ ಇದ್ದಾರೆ.”