ಉತ್ತರದ ಕೋಣೆಯ ಹಕ್ಕು

ಪ್ರೆಸ್ಟನ್ ವಾಡ್ಲಿ ತನ್ನ ಮಲತಾಯಿ ಮರ್ನಾಳ ಮುಂದೆ ಎರಡು ಕಾಗದಗಳನ್ನಿಟ್ಟ. ಒಂದು, ಆದಿ ವಲಸಿಗರ ವಂಶಜರ ಸಂಘಕ್ಕೆ ಸೇರುವ ಅರ್ಜಿ. ಇನ್ನೊಂದು, ತೀರಿಹೋದ ಗಂಡನ ಮನೆಯಲ್ಲಿ ಬದುಕಿರುವಷ್ಟು ಕಾಲ ಇರುವ ತನ್ನ ಹಕ್ಕನ್ನು ಸ್ವಂತ ಇಷ್ಟದಿಂದ ಬಿಟ್ಟುಕೊಡುತ್ತಿದ್ದೇನೆ ಎಂದು ಮರ್ನಾ ಸಹಿ ಹಾಕಬೇಕಾದ ಪತ್ರ; ಅದಿಲ್ಲದೆ ಪ್ರೆಸ್ಟನ್ ಆ ಮನೆಯನ್ನು ಮಾರುವಂತಿರಲಿಲ್ಲ. ಅವಳ ಸ್ವಂತ ಇಷ್ಟ ಏನೆಂಬುದನ್ನು ಪ್ರೆಸ್ಟನ್ನನ ವಕೀಲರು ಮೊದಲೇ ಟೈಪು ಮಾಡಿಸಿ ಶ್ರಮ ತಪ್ಪಿಸಿದ್ದರು.

ಮೊದಲು ಅರ್ಜಿ ನೋಡೋಣ ಎಂದಳು ಮರ್ನಾ. ಅವರು ಕೂತಿದ್ದದ್ದು ಕೌಂಟಿಯ ಭೂದಾಖಲೆ ಕಚೇರಿಯಲ್ಲಿ. ಮೂವತ್ತೊಂದು ವರ್ಷ ಅಲ್ಲೇ ಗುಮಾಸ್ತೆಯಾಗಿದ್ದ ಅವಳನ್ನು ಬಿಟ್ಟರೆ ಮ್ಯಾಸಚೂಸೆಟ್ಸ್‌ನ ಆ ಮೂಲೆಯಲ್ಲಿ ಹಳೆಯ ಪತ್ರಗಳ ಕಾಗೆಕಾಲು ಗುಬ್ಬಿಕಾಲು ಓದಬಲ್ಲವರು ಯಾರೂ ಉಳಿದಿರಲಿಲ್ಲ. ಈಗ ಅವಳ ಕಿಟಕಿಯ ಹಿಂದೆ ಡ್ವೇನ್ ಎಂಬಾತ ಕೂತು ಸೇಬು ತಿನ್ನುತ್ತಿದ್ದ. ಪ್ರೆಸ್ಟನ್ ದಂತವೈದ್ಯ. ಇಷ್ಟು ವರ್ಷ ಊರವರ ಹಲ್ಲಿನ ಬೇರು ಕೆದಕಿದವನಿಗೆ ಐವತ್ತೆಂಟರಲ್ಲಿ ತನ್ನದೇ ಬೇರು ಕೆದಕುವ ಹುಮ್ಮಸ್ಸು ಬಂದಿತ್ತು. ಅರ್ಜಿಯಲ್ಲಿ ಒಂದೇ ಒಂದು ಜಾಗ ಖಾಲಿ: ವಂಶದ ಎರಡನೇ ತಲೆಮಾರಿನವನೂ ಪ್ರೆಸ್ಟನ್ನನ ನೇರ ಪೂರ್ವಜನೂ ಆದ ಸೈಲಸ್ ವಾಡ್ಲಿಯ ತಾಯಿಯ ಹೆಸರು. ಅದು ಮರ್ಸಿ ಎಂದು ರುಜುವಾತಾಗಬೇಕು. ಮೂಲಪುರುಷ ಓಬಡಾಯನ ಮೊದಲ ಹೆಂಡತಿಯಾದ ಮರ್ಸಿಯ ಅಜ್ಜ ಎಲ್ಲರಿಗಿಂತ ಮುಂಚಿನ ಹಡಗಿನಲ್ಲಿ ಬಂದಿಳಿದವನು. ಆ ರಕ್ತದ ಒಂದು ತೊಟ್ಟು ಸಿಕ್ಕರೂ ಸಂಘದವರು ಎದೆಗೆ ಬಿಲ್ಲೆ ಚುಚ್ಚುತ್ತಿದ್ದರು.

ಮರ್ನಾ ೧೭೫೨ರ ಕಟ್ಟು ಬಿಚ್ಚಿದಳು. ಆ ವರ್ಷ ಓಬಡಾಯ ತೀರಿಕೊಂಡಾಗ ಮನೆಯಲ್ಲಿದ್ದದ್ದು ಎರಡನೇ ಹೆಂಡತಿ, ಹಿಂದೆ ಅದೇ ಮನೆಯ ಕೆಲಸದವಳಾಗಿದ್ದ ಥ್ಯಾಂಕ್‌ಫುಲ್. ಕೃತಜ್ಞಳಾಗಿರು ಎಂದು ಹೆತ್ತವರು ಹೆಸರಿನಲ್ಲೇ ಹೇಳಿಟ್ಟಿದ್ದರು. ಮರ್ಸಿಯ ಇಬ್ಬರು ದೊಡ್ಡ ಗಂಡುಮಕ್ಕಳು ಈ ವಿಧವೆಗೆ ಅಳೆದು ಕೊಟ್ಟದ್ದು ಉತ್ತರದ ಕೋಣೆ, ನೆಲಮಾಳಿಗೆಯಲ್ಲಿ ಮೂರರಲ್ಲೊಂದು ಪಾಲು, ಅಡುಗೆಮನೆ ಹಾದು ಬಾವಿಗೆ ಹೋಗುವ ದಾರಿ, ಗುರುವಾರ ಮಾತ್ರ ಒಲೆಯಲ್ಲಿ ರೊಟ್ಟಿ ಸುಡುವ ಹಕ್ಕು. ಪ್ರೆಸ್ಟನ್ ಇದನ್ನು ಎರಡು ಸಲ ಓದಿಸಿಕೊಂಡ. ತನ್ನ ಹಿರಿಯರು ಎಷ್ಟು ಅಚ್ಚುಕಟ್ಟು, ಒಲೆಯನ್ನೂ ಮರೆಯದೆ ಬರೆಸಿದ್ದಾರೆ ಎಂದು ಹೆಮ್ಮೆಪಟ್ಟ.

ಆಮೇಲೆ ಇನ್ನೊಂದು ಕಟ್ಟಿನಲ್ಲಿ ಸೈಲಸ್ ದೊಡ್ಡವನಾದ ಮೇಲಿನ ಕ್ರಯಪತ್ರ ಸಿಕ್ಕಿತು. ‘ನನ್ನ ಪೂಜ್ಯ ತಾಯಿ ಥ್ಯಾಂಕ್‌ಫುಲ್ ವಾಸವಾಗಿರುವ ಉತ್ತರದ ಕೋಣೆಯನ್ನು’ ಅವನು ಅಣ್ಣಂದಿರಿಂದ ಬಿಡಿಸಿಕೊಂಡಿದ್ದ.

ಪ್ರೆಸ್ಟನ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡ.

"ಆಗೆಲ್ಲ ಮಲತಾಯೀನೂ ತಾಯಿ ಅಂತಲೇ ಬರೀತಿದ್ರಲ್ವಾ ಮರ್ನಾ? ನೀವೇ ಒಂದ್ಸಲ ಹೇಳಿದ್ರಿ."

"ಬರೀತಿದ್ರು."

"ಅಷ್ಟೇ ಬರೆದುಕೊಡಿ ಮತ್ತೆ. ವಾಡ್ಲಿ ಮನೆತನದಲ್ಲಿ ಮಲತಾಯೀನ ತಾಯಿ ಅಂತಲೇ ಕರೀತಿದ್ರು ಅಂತ. ನಿಮ್ಮ ಕೈಬರಹ ಅಂದ್ರೆ ಸಂಘದವರು ಎರಡನೇ ಮಾತಾಡಲ್ಲ."

"ಬರೆಯೋಣ," ಎಂದಳು ಮರ್ನಾ. "ಆ ಪದ್ಧತಿ ಯಾವಾಗ ನಿಂತುಹೋಯ್ತು ಅಂತ ಹಾಕಲಿ?"

ಹಿಂದಿನ ಅಕ್ಟೋಬರ್‌ನಲ್ಲಿ ತಂದೆಯನ್ನು ಮಣ್ಣು ಮಾಡಿದ ದಿನ, ಇಪ್ಪತ್ತಾರು ವರ್ಷ ಮನೆ ನಡೆಸಿದ್ದ ಅವಳನ್ನು ಪ್ರೆಸ್ಟನ್ ಬಂದವರಿಗೆಲ್ಲ ‘ಅಪ್ಪನ ಹೆಂಡತಿ’ ಎಂದು ಪರಿಚಯಿಸಿದ್ದ. ಈಗ ಅವನು ಸೀಲಿಂಗಿನ ಫ್ಯಾನು ನೋಡತೊಡಗಿದ. ಮರ್ನಾ ೧೭೫೨ರ ಕಟ್ಟಿನ ತಳದಿಂದ ಇನ್ನೊಂದು ಹಾಳೆ ತೆಗೆದಳು. ನ್ಯಾಯಾಧೀಶರು ಸೈಲಸ್‌ಗೆ ಪೋಷಕನನ್ನು ನೇಮಿಸಿದ ಪತ್ರ ಅದು. ತಂದೆ ಸತ್ತಾಗ ಹುಡುಗನಿಗೆ ಐದು ವರ್ಷ. ಮರ್ಸಿ ತೀರಿಹೋದದ್ದು ೧೭೪೩ರಲ್ಲಿ ಎಂದು ಚರ್ಚಿನ ಹಿಂದಿನ ಕಲ್ಲೇ ಹೇಳುತ್ತಿತ್ತು. ಸತ್ತು ನಾಲ್ಕು ವರ್ಷವಾದ ಮೇಲೆ ಹೆರುವಷ್ಟು ದೊಡ್ಡ ಮನೆತನ ಅವಳದೂ ಆಗಿರಲಿಲ್ಲ.

ಆ ಹಾಳೆಯನ್ನು ಲಗತ್ತಿಸದಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದು ಪ್ರೆಸ್ಟನ್ ಮೆಲ್ಲಗೆ ಕೇಳಿದ. ನನಗೆ ಗೊತ್ತಾಗಿದೆಯಲ್ಲ ಎಂದಳು ಮರ್ನಾ. ಅಲ್ಲಿಗೆ ಹಡಗು, ಅಜ್ಜ, ಬಿಲ್ಲೆ ಎಲ್ಲ ಮುಳುಗಿದವು. ಕೆಲಸದವಳ ವಂಶದ ಕುಡಿ ಅರ್ಜಿಯನ್ನು ಬೋರಲು ಹಾಕಿ, ದಿನ ಪೂರ್ತಿ ವ್ಯರ್ಥವಾಗಬಾರದೆಂದು ಎರಡನೆಯ ಕಾಗದವನ್ನು ಮುಂದೆ ಸರಿಸಿದ. ಪೆನ್ನಿನ ಮುಚ್ಚಳವನ್ನೂ ತಾನೇ ತೆಗೆದುಕೊಟ್ಟ. ಅವಳಿಗೆಂದು ನೋಡಿಟ್ಟಿರುವ ವೃದ್ಧರ ವಸತಿಯನ್ನು ಬಣ್ಣಿಸಿದ. ಒಂದು ಕೋಣೆ, ದೊಡ್ಡ ಕಿಟಕಿ. ಎಲ್ಲರಿಗೂ ಸೇರಿದ ಅಡುಗೆಮನೆ ಇದೆ, ಮುಂಚೆ ಹೇಳಿಟ್ಟರೆ ವಾರಕ್ಕೊಂದು ದಿನ ತನಗೆ ಬೇಕಾದ್ದು ಮಾಡಿಕೊಳ್ಳಬಹುದು.

ಮರ್ನಾ ಪೆನ್ನು ತೆಗೆದುಕೊಂಡು ಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಹಳೆಯ ಪತ್ರಗಳನ್ನು ಓದುವಾಗಿನಂತೆ ಅವಳ ಬೆರಳು ಒಂದೊಂದೇ ಸಾಲಿನ ಕೆಳಗೆ ಸರಿಯುತ್ತಿತ್ತು.

"ಸಹಿ ಹಾಕ್ತೀನಿ ಪ್ರೆಸ್ಟನ್. ಆದ್ರೆ ನೋಂದಣಿ ಆಗ್ದೆ ಮನೆ ಕೊಳ್ಳೋರು ಒಪ್ಪಲ್ಲ. ಆ ಕಿಟಕೀಲಿ ಕೊಡಬೇಕು, ಇದೇ ಕಪಾಟಿಗೆ ಬರುತ್ತೆ. ಇನ್ನು ಇನ್ನೂರೈವತ್ತು ವರ್ಷ ಬಿಟ್ಟು ನಿನ್ನ ಮರಿಮಕ್ಕಳು ಯಾರಾದ್ರೂ ಇಲ್ಲಿ ಬಂದು ಕೂತ್ರೆ, ನೀನು ಎಂಥವನು ಅಂತ ತಿಳ್ಕೊಳ್ಳೋಕೆ ಅವರಿಗೆ ಸಿಗೋದು ಇದೊಂದೇ ಹಾಳೆ."

ಕಿಟಕಿಯ ಹಿಂದಿನಿಂದ ಡ್ವೇನ್ ಕತ್ತು ಚಾಚಿದ. ಊಟಕ್ಕೆ ಮುಚ್ಚುತ್ತಿದ್ದೇನೆ, ನೋಂದಾಯಿಸುವುದು ಏನಾದರೂ ಇದೆಯೇ ಎಂದು ಕೇಳಿದ.

ಪ್ರೆಸ್ಟನ್ ಅವಳ ಬೆರಳ ಕೆಳಗಿನಿಂದ ಪತ್ರವನ್ನು ಎಳೆದುಕೊಂಡು ನಾಲ್ಕಾಗಿ ಮಡಿಸಿ ಕೋಟಿನ ಒಳಜೇಬಿಗೆ ಹಾಕಿದ.

"ಇವತ್ತಿಗೇನೂ ಇಲ್ಲ," ಎಂದ.