ಉಗುರಿನ ಹಸಿರು

ಬಾಯಿಗಿಟ್ಟ ರೊಟ್ಟಿಯ ತುತ್ತನ್ನು ರಘೂತ್ತಮ ತಾಟಿನ ಅಂಚಿಗೆ ಉಗುಳಿ ಹೆಂಡತಿಯ ಮೇಲೆ ಹರಿಹಾಯ್ದ. “ಉಪ್ಪೋ ಉಪ್ಪು! ಬೆಣ್ಣಿಗೆ ಕೊತ್ತಂಬರಿ, ಹಸಿಮೆಣಸಿನಕಾಯಿ ಕಲಸೂದು ಏನು ದೊಡ್ಡ ಕೆಲಸ? ಅವ್ವನ ಕೈರುಚಿ ನಿನಗ ಯಾವಾಗ ಬರತದ?”

ಪ್ರಾಜಕ್ತಾ ಅತ್ತೆಯ ಕಡೆ ನೋಡಿದಳು. ಇವತ್ತಿನ ಬೆಣ್ಣೆ ಕಲಸಿದ್ದೇ ವತ್ಸಲಾಬಾಯಿ. ಹಾಕಿದ್ದು ಮರೆತು ಮತ್ತೊಮ್ಮೆ ಉಪ್ಪು ಸುರಿದಿದ್ದರು. “ಅತ್ಯಾ, ಆಗಲೇ ಹಾಕೀರಿ” ಎಂದದ್ದಕ್ಕೆ ಸೊಸೆಯನ್ನೇ ಗದರಿದ್ದರು. ನೈವೇದ್ಯಕ್ಕೆ ಮೊದಲು ಆ ಮನೆಯಲ್ಲಿ ಯಾರೂ ರುಚಿ ನೋಡುವಂತಿರಲಿಲ್ಲ. ದೇವರೇನೋ ಸುಮ್ಮನೆ ಉಂಡಿದ್ದ.

ಈಗಲಾದರೂ ಹೇಳುತ್ತಾರೆಂದು ಪ್ರಾಜಕ್ತಾ ಕಾದಳು. ಕೊತ್ತಂಬರಿಯ ಹಸಿರು ಇನ್ನೂ ಅಂಟಿದ್ದ ಉಗುರುಗಳನ್ನು ವತ್ಸಲಾಬಾಯಿ ಮೆಲ್ಲಗೆ ಸೆರಗಿನೊಳಗೆ ಸರಿಸಿಕೊಂಡರು.

“ಹೋಗ್ಲಿ ಬಿಡೋ ರಘು,” ಎಂದರು, “ಕಲೀತಾಳ.”