ಬಿಟ್ಟುಹೋಗುವ ಸಾಮಾನು

ಗಡಿಯಾಚೆಯ ಕಾಡಿಗೆ ತುಪ್ಪಳದ ವ್ಯಾಪಾರಕ್ಕೆ ಬಂದ ಬಿಳಿಯರು ತಮ್ಮ ದೇಶಕ್ಕೆ ಮರಳುವಾಗ ತಾಮ್ರದ ಹಂಡೆ, ಬೋನು, ಕೂಡಿಕೆಯಾದ ಕಾಡಿನ ಹೆಂಗಸು ಎಲ್ಲವನ್ನೂ ಮುಂದೆ ಬರುವವನಿಗೆ ಬಿಟ್ಟುಹೋಗುವುದು ವಾಡಿಕೆ. ಅಂಥ ಒಬ್ಬ ಹೆಂಗಸು ಊರಿಗೆ ಹೊರಟ ಬಿಳಿಯ ಗಂಡನ ಕ್ಷೌರದ ಕತ್ತಿ, ಚಿಲುಮೆ, ಉಣ್ಣೆಯಂಗಿಗಳನ್ನು ಪೆಟ್ಟಿಗೆಗೆ ತುಂಬುತ್ತ ಕೇಳಿದಳು:

"ನನ್ನೂ ಬಿಟ್ಟು ಹೋಗ್ತೀರಾ?"

"ಹುಚ್ಚಿ! ಇಪ್ಪತ್ತೈದು ವರ್ಷ ಬಾಳಿದವಳನ್ನ ಬಿಡ್ತೀನಾ? ನಿನ್ನ ಬಟ್ಟೇನೂ ಕಟ್ಟಿಕೋ."

ಅವಳಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಹೊಸ ವ್ಯಾಪಾರಿ ಬಾಗಿಲಿಗೆ ಬಂದು ಗುಡಿಸಲಿನೊಳಗೆಲ್ಲ ಕಣ್ಣಾಡಿಸಿದ.

"ಈಯಮ್ಮನೂ ಹೊರಟರೆ ನನಗೆ ಬೇಯಿಸಿ ಹಾಕೋರು ಯಾರು, ತೊಗಲು ಹದ ಮಾಡೋರು ಯಾರು?"

ಗಂಡ ಪೆಟ್ಟಿಗೆಯ ಹಗ್ಗ ಬಿಗಿಯುತ್ತ ನಕ್ಕ. "ನಮ್ಮ ದೊಡ್ಡ ಮಗಳನ್ನ ಬಿಟ್ಟು ಹೋಗ್ತಿದ್ದೀನಲ್ಲಪ್ಪಾ. ಕೆಲಸದಲ್ಲಿ ಅವ್ವನಿಗಿಂತ ಚುರುಕು."